ರಬ್ಬರಿಲ್ಲದ ಕುಕ್ಕರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಊರಲ್ಲಿ ಹೆಂಡತಿ ಹೇಳುತ್ತಾಳೆ, ಇಲ್ಲಿ ಕತಾರಿನಲ್ಲಿ ನನ್ನ ಸ್ಟೋರಿಗೆ ಎಸಿ ಫಿಲ್ಟರ್ ಕೇಳಿಕೊಂಡು ಬರುವ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ಹೇಳಿದವರ ಮೇಲೆ ಇನ್ನಷ್ಟು ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಒಂದು ಶುಕ್ರವಾರ ನಾನು ಮಾಡಿದ ಕಿತಾಪತಿಯಿಂದಲೇ ಈಗ ಬರೆಯಹೊರಟ ವಿಷಯವೆಲ್ಲ ಹೊರಬಿದ್ದದ್ದು. ಹಾಗಾಗಿ ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ಇಲ್ಲಿನ ಮುಐದರ್ ಎಂಬ ಬಡಾವಣೆಯಲ್ಲಿ ಒಂದು ಹಳೆಯ ವಿಲ್ಲಾಕ್ಕೆ ಪಾರ್ಟಿಶನ್ ಹಾಕಿ ಕೋಣೆಕೋಣೆಯಾಗಿ ಬಾಡಿಗೆಗೆ ಬಿಟ್ಟಿದ್ದಾರೆ. ಅದರ ಹಿಂಬದಿಯ ಕೋಣೆಯಲ್ಲಿ ನಾವು ಮೂವರು. ನಾನು ಒಂದು ಮೆಂಟೆನೆನ್ಸ್ ಕಂಪನಿಯ ಸ್ಟೋರ್ ಕೀಪರ್. ಎರಡನೆಯವನು ಬಂಟ್ವಾಳ ಕಡೆಯ ಬ್ಯಾರಿ, ಅದೇ ಕಂಪನಿಯ ಡ್ರೈವರ್. ಅವನ ಮನೆಮಾತು ಬ್ಯಾರಿ, ನನ್ನದು ತುಳು, ಜಗಳ ಮಾತ್ರ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಮೂರನೆಯವನು ನೇಪಾಳದವನು, ಉಮ್ಮ್ ಸಲಾಲ್‌ನ ಒಂದು ವಸತಿ ಕಾಂಪೌಂಡಿನ ಗೇಟಿನಲ್ಲಿ ಸೆಕ್ಯೂರಿಟಿ ಗಾರ್ಡ್. ನಲವತ್ತರ ಮನುಷ್ಯ, ಮಾತು ಕಡಿಮೆ. ಹಿಂದೆ ತನ್ನ ದೇಶದ ಸೈನ್ಯದಲ್ಲಿದ್ದ ಎಂದಷ್ಟೇ ನಮಗೆ ಗೊತ್ತಿತ್ತು. ಯೂನಿಫಾರ್ಮಿಗೆ ದಿನಾ ಇಸ್ತ್ರಿ ಹಾಕುತ್ತಿದ್ದ, ಬೂಟುಗಳನ್ನು ಗೋಡೆಗೆ ತಾಗಿಸಿ ಸಾಲಾಗಿ ಇಡುತ್ತಿದ್ದ. ನನ್ನನ್ನು ‘ದಾಯಿ’ ಎನ್ನುತ್ತಿದ್ದ, ಅಂದರೆ ಅಣ್ಣ. ನಾನು ಅವನನ್ನು ‘ಭಾಯಿ’ ಎನ್ನುತ್ತಿದ್ದೆ, ಅವರ ಭಾಷೆಯಲ್ಲಿ ಅದು ತಮ್ಮ. ಮಾತುಕತೆ ಹಿಂದಿಯಲ್ಲಿ. ಅವನದು ಬೆಟ್ಟದ ಹಿಂದಿ, ನಮ್ಮದು ಮಂಗಳೂರು ಹಿಂದಿ, ಹೇಗೋ ನಡೆಯುತ್ತಿತ್ತು.

ಶುಕ್ರವಾರ ರಜೆ. ಆ ದಿನ ನನ್ನ ಕುಚ್ಚಲಕ್ಕಿ ಅನ್ನ, ಬ್ಯಾರಿಯ ಮೀನಿನ ಸಾರು. ಕೋಣೆಯ ಮೂಲೆಯಲ್ಲೇ ಗ್ಯಾಸ್ ಒಲೆ. ನಾನು ಕುಕ್ಕರ್ ಎತ್ತಿದ ತಕ್ಷಣ ನಮ್ಮ ಗಾರ್ಡ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ. ಜುಲೈ ತಿಂಗಳ ಆ ಬೆಂಕಿಯಂಥ ಬಿಸಿಲಿನಲ್ಲೂ ಅಂಗಳದ ನೀರಿನ ಟ್ಯಾಂಕಿನ ಪಕ್ಕ ನಿಂತಿರುತ್ತಿದ್ದ. ಅನ್ನ ಆಗಿ ಗಂಜಿ ಬಸಿದ ಮೇಲೆ ಒಳಗೆ ಬರುತ್ತಿದ್ದ. ಮೊದಮೊದಲು ಫೋನ್ ಮಾಡಲು ಹೋಗುತ್ತಾನೆ ಎಂದುಕೊಂಡೆ. ಆದರೆ ಒಮ್ಮೆ ನನ್ನ ಅಕ್ಕಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ, “ಇದೇನು ದಾಯಿ, ಇಷ್ಟು ದಪ್ಪ?” ಎಂದಿದ್ದ. ಅಲ್ಲಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಇವನು ನಮ್ಮ ಅಡುಗೆಗೆ ಮೂಗು ಮುರಿಯುತ್ತಿದ್ದಾನೆ, ವಾಸನೆ ತಾಳದೆ ಹೊರಗೆ ಹೋಗುತ್ತಿದ್ದಾನೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಎಂಟು ತಿಂಗಳು ಈ ಸಿಟ್ಟನ್ನು ಸಾಕಿದೆ.

ಆ ಶುಕ್ರವಾರ ಅವನು ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದ. ಹೊತ್ತು ಹತ್ತೂವರೆ. ಎಂದಿನಂತೆ ಅವನು ಎದ್ದು ಹೊರಗೆ ಹೋಗುವವರೆಗೆ ಕಾಯಬೇಕಿತ್ತು. ನಾನು ಕಾಯಲಿಲ್ಲ. ಸದ್ದಿಲ್ಲದೆ ಕುಕ್ಕರ್ ಇಟ್ಟು, ಬ್ಯಾರಿಗೆ ಕಣ್ಣು ಹೊಡೆದು, ಇವತ್ತು ನೋಡುವ ಇವನು ಎಲ್ಲಿಗೆ ಓಡುತ್ತಾನೆ ಎಂದು ಸೌಟು ಹಿಡಿದು ನಿಂತೆ.

ಮೊದಲ ವಿಸಿಲ್ ಬಂತು. ಮುಂದಿನದು ಎಷ್ಟು ಬೇಗ ಆಯಿತೆಂದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ನನ್ನ ಮೇಲೆ ಅವನಿದ್ದ. ಒಂದು ಕೈಯಿಂದ ನನ್ನ ತಲೆಯನ್ನು ನೆಲಕ್ಕೆ ಒತ್ತಿ ಹಿಡಿದು, ಮೈಯೆಲ್ಲ ನನ್ನ ಮೇಲೆ ಹರಡಿ, ನೇಪಾಳಿಯಲ್ಲಿ ಏನೋ ಕೂಗುತ್ತಿದ್ದ. ಬ್ಯಾರಿ ಓಡಿಬಂದು ಗ್ಯಾಸ್ ಆರಿಸಿ, “ಖಲಾಸ್! ಖಲಾಸ್! ಎಂತ ಇಲ್ಲ, ಕುಕ್ಕರ್ ಅದು!” ಎಂದು ಅವನ ಭುಜ ಅಲುಗಿಸಿದ. ಆಗ ಅವನಿಗೆ ಎಚ್ಚರವಾಯಿತು. ನಿಧಾನವಾಗಿ ಎದ್ದ. ನನ್ನನ್ನೂ ಎಬ್ಬಿಸಿ, ಅಂಗಿಯ ಧೂಳು ಕೊಡವಿ, “ಮಾಫ್ ಮಾಡಿ ದಾಯಿ, ಪೆಟ್ಟಾಯಿತಾ?” ಎಂದು ಕೇಳಿದ. ನನ್ನ ಮೊಣಕೈ ತರಚಿತ್ತು, ಅದು ದೊಡ್ಡದಲ್ಲ. ನಾನು ಯಾರನ್ನು ಗೇಲಿ ಮಾಡಲು ನಿಂತಿದ್ದೆನೋ ಅವನು ನಿದ್ದೆಗಣ್ಣಿನಲ್ಲೇ ನನಗೆ ಅಡ್ಡ ಮಲಗಿದ್ದ. ನಾಚಿಕೆಯಿಂದ ನನಗೆ ಅವನ ಮುಖ ನೋಡಲಾಗಲಿಲ್ಲ.

“ನಿಮಗೆ ಸ್ವಲ್ಪವೂ ಬುದ್ಧಿ ಇಲ್ಲ ಮಾರ್ರೆ,” ಎಂದು ಬ್ಯಾರಿ ಕನ್ನಡದಲ್ಲಿ ನನಗೆ ಬೈದ. “ನಿದ್ದೆ ಮಾಡಿದವನ ಹತ್ರ ಎಂತ ತಮಾಷೆ?”

ಬ್ಯಾರಿ ಚಹ ಮಾಡಿದ. ಗಾರ್ಡ್ ಮಂಚದ ಅಂಚಿನಲ್ಲಿ ಕೂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಯಾರೂ ಕೇಳದೆಯೇ ಹೇಳಲು ಶುರು ಮಾಡಿದ.

ಅವನು ಸೈನ್ಯಕ್ಕೆ ಸೇರಿದಾಗ ಅವನ ದೇಶದಲ್ಲಿ ಅಂತರ್ಯುದ್ಧ. ಎರಡೂ ಕಡೆ ಅವರದೇ ಜನ. ಅವನು ಹೇಳುತ್ತಿರುವುದು ಅದರ ಕೊನೆಯ ಚಳಿಗಾಲದ ಮಾತು. ಆಗ ಅವನಿಗೆ ಇಪ್ಪತ್ತೊಂದು. ಪಶ್ಚಿಮದ ಒಂದು ಬೆಟ್ಟದ ಜಿಲ್ಲೆಯಲ್ಲಿ, ಹೊಳೆಯ ಮೇಲಿನ ತೂಗುಸೇತುವೆಯ ಬಳಿ ಅವರ ಚೆಕ್‌ಪೋಸ್ಟ್. ಮಾತುಕತೆ ನಡೆಯುತ್ತಿದೆ, ಇನ್ನೇನು ನಿಲ್ಲುತ್ತದೆ ಎಂದು ರೇಡಿಯೋ ಹೇಳುತ್ತಿತ್ತು. “ಮೊದಲ ವರ್ಷಗಳಲ್ಲಿ ನಮಗೆ ಅಷ್ಟು ಹೆದರಿಕೆ ಇರಲಿಲ್ಲ ದಾಯಿ,” ಎಂದ. “ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಶುರುವಾಯಿತು. ಮುಗಿಯುವ ಹೊತ್ತಿಗೆ ಸಾಯಲು ಯಾರಿಗೆ ಇಷ್ಟ? ಶೌಚಕ್ಕೆ ಹೋಗುವಾಗಲೂ ಇಬ್ಬಿಬ್ಬರು ಹೋಗುತ್ತಿದ್ದೆವು.”

ಆ ಬೆಟ್ಟಗಳಲ್ಲಿ ಬಂಡುಕೋರರು ಕುಕ್ಕರಿನಲ್ಲಿ ಮದ್ದು ತುಂಬಿ ರಸ್ತೆಯಲ್ಲಿ ಹೂಳುತ್ತಿದ್ದರು. ಹಾಗಾಗಿ ಸೈನ್ಯದ ಆಜ್ಞೆ: ಸೇತುವೆ ದಾಟುವ ಯಾರ ಬಳಿ ಕುಕ್ಕರ್ ಕಂಡರೂ ಕಿತ್ತುಕೊಳ್ಳಬೇಕು. ಊರೂರಿನ ಕುಕ್ಕರುಗಳು ಅವರ ಬ್ಯಾರಕ್ಕಿನ ಹಿಂದೆ ರಾಶಿ ಬಿದ್ದಿದ್ದವು. ಒಂದು ಮಧ್ಯಾಹ್ನ ಅವನೂ ಅವನ ಗೆಳೆಯನೂ ಕಾವಲಿಗೆ ನಿಂತಿದ್ದರು. ಗೆಳೆಯ ಎಂದರೆ ಒಟ್ಟಿಗೆ ಭರ್ತಿಯಾದವನು, ಪಕ್ಕದ ಹಾಸಿಗೆಯವನು, ಊರಿಗೆ ಹೋಗುವ ದಾರಿಯೂ ಇಬ್ಬರದೂ ಒಂದೇ. ಆಗ ಒಬ್ಬ ಹೆಂಗಸು ಬೆನ್ನ ಮೇಲೆ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಲ್ಲಿ ಹುಲ್ಲು, ಹುಲ್ಲಿನ ಕೆಳಗೆ ಹೊಸ ಕುಕ್ಕರ್.

ಅವಳು ಅಳಲಿಲ್ಲವಂತೆ, ಕಾಲಿಗೂ ಬೀಳಲಿಲ್ಲವಂತೆ. ತವರಿಗೆ ಹೋಗುತ್ತಿದ್ದೇನೆ ಎಂದಳು. ಅಮ್ಮನಿಗೆ ಒಂದು ಹಲ್ಲೂ ಉಳಿದಿಲ್ಲ, ಆ ಎತ್ತರದಲ್ಲಿ ದಿನವಿಡೀ ಕುದಿಸಿದರೂ ಬೇಳೆ ಬೇಯುವುದಿಲ್ಲ, ಬರೀ ತಿಳಿ ಕುಡಿದು ಸೊರಗಿಹೋಗಿದ್ದಾಳೆ ಎಂದಳು. ಗೆಳೆಯ, “ಬಿಡೋ, ಹೋಗಲಿ,” ಎಂದ. ಇವನಿಗೆ ಆಜ್ಞೆ ಮೀರಲು ಹೆದರಿಕೆ. ಆಗ ಇವನಿಗೊಂದು ಉಪಾಯ ಹೊಳೆಯಿತು. ಇವನ ಮನೆಯಲ್ಲಿ ಅಡುಗೆ ಕಬ್ಬಿಣದ ಕಡಾಯಿಯಲ್ಲಿ, ಕುಕ್ಕರ್ ಮುಟ್ಟಿದ್ದೇ ಸೈನ್ಯಕ್ಕೆ ಬಂದ ಮೇಲೆ, ಅದೂ ಕಿತ್ತುಕೊಳ್ಳಲು. ಕುಕ್ಕರಿನ ಜೋರೆಲ್ಲ ಮುಚ್ಚಳದ ಒಳಗಿನ ರಬ್ಬರಿನಲ್ಲಿದೆ ಎಂದು ಯಾರೋ ಅಡುಗೆಯವರು ಹೇಳಿದ್ದನ್ನು ಕೇಳಿದ್ದ. ರಬ್ಬರ್ ಇಲ್ಲದಿದ್ದರೆ ಹಬೆ ನಿಲ್ಲದು, ಹಬೆ ನಿಲ್ಲದಿದ್ದರೆ ಸಿಡಿಯದು, ಸಿಡಿಯದಿದ್ದರೆ ಅದು ಬಾಂಬೂ ಆಗದು. ಹೀಗೆ ಲೆಕ್ಕ ಹಾಕಿ, ಮುಚ್ಚಳ ತೆಗೆದು ರಬ್ಬರನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಅವಳನ್ನು ಕುಕ್ಕರಿನ ಸಮೇತ ಕಳಿಸಿಬಿಟ್ಟ. ದೊಡ್ಡ ಬುದ್ಧಿವಂತನಾದೆ ಎಂದುಕೊಂಡ.

ಒಂಬತ್ತು ದಿನದ ನಂತರ ಆಚೆ ದಡದ ರಸ್ತೆಯಲ್ಲಿ, ರೇಶನ್ ತರಲು ಹೊರಟ ಲಾರಿಯ ಕೆಳಗೆ ಒಂದು ಕುಕ್ಕರ್ ಸಿಡಿಯಿತು. ಮುಂದಿನ ಸೀಟಿನಲ್ಲಿ ಆ ಗೆಳೆಯ ಕೂತಿದ್ದ. ಅವನೊಬ್ಬನೇ ಸತ್ತ.

ಆಮೇಲೆ ಹವಾಲ್ದಾರ ಎಲ್ಲರನ್ನೂ ಕೂರಿಸಿ ಅಲ್ಯೂಮಿನಿಯಂ ಚೂರುಗಳನ್ನು ತೋರಿಸಿ ಪಾಠ ಮಾಡಿದ. ಮದ್ದಿಗೆ ಬೇಕಾದದ್ದು ಗಟ್ಟಿ ಪಾತ್ರೆ, ಬಿಗಿ ಮುಚ್ಚಳ ಅಷ್ಟೇ, ರಬ್ಬರ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದ. ಇವನು ಎರಡನೇ ಸಾಲಿನಲ್ಲಿ ಕೂತು ಕೇಳಿದ. ಸಂಜೆ ಜೇಬಿನ ರಬ್ಬರನ್ನು ಹೊಳೆಗೆ ಎಸೆದ. ಯಾರಿಗೂ ಹೇಳಲಿಲ್ಲ. ಎರಡು ತಿಂಗಳಲ್ಲಿ ಯುದ್ಧ ನಿಂತಿತು. ಬ್ಯಾರಕ್ಕಿನಲ್ಲಿ ಎಲ್ಲರೂ ಕೆಂಪು ಪುಡಿ ಎರಚಿಕೊಂಡು ಕುಣಿದರು, ಕೆಲವರು ಸುಮ್ಮಸುಮ್ಮನೆ ಅತ್ತರು. ಇವನು ಹೊಟ್ಟೆನೋವು ಎಂದು ಹೇಳಿ ಮಲಗಿಕೊಂಡ.

“ಅವನ ಮನೆ ನನ್ನ ಊರಿನ ದಾರಿಯಲ್ಲೇ ಇದೆ,” ಎಂದ. “ಬಸ್ಸು ಅವನ ಊರಿನ ಅಂಗಡಿ ಮುಂದೆ ನಿಲ್ಲುತ್ತದೆ. ಅವನ ಅಮ್ಮ, ತಮ್ಮ ಎಲ್ಲ ಅಲ್ಲೇ. ರಜೆಗೆ ಹೋದಾಗಲೆಲ್ಲ ನಾನು ಒಂದು ಸ್ಟಾಪ್ ಮೊದಲೇ ಇಳಿದು ಗುಡ್ಡ ಹತ್ತಿ ಸುತ್ತು ಹಾಕಿ ಮನೆಗೆ ಹೋಗುತ್ತೇನೆ. ಎರಡು ಗಂಟೆ ಜಾಸ್ತಿ ನಡೆಯಬೇಕು. ಹತ್ತೊಂಬತ್ತು ವರ್ಷವಾಯಿತು. ನಾನು ಬಿಟ್ಟ ಕುಕ್ಕರೇ ಅವನನ್ನು ಕೊಂದಿದ್ದರೆ, ಆ ಅಂಗಳದಲ್ಲಿ ಹೋಗಿ ಏನೆಂದು ಕೂರಲಿ?”

ನನಗೆ ಅಯ್ಯೋ ಅನ್ನಿಸಿತು. ಆದರೆ ನನ್ನ ಸ್ವಭಾವಕ್ಕೆ ಅಯ್ಯೋ ಎಂದು ಸುಮ್ಮನಿರಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಸ್ಟೋರ್ ನೋಡಿಕೊಂಡವನು ನಾನು. ಒಂದು ಪಂಪಿನ ಬೆಲ್ಟ್ ಕಾಣದಿದ್ದರೆ ಕಳೆದುಹೋಯಿತೆಂದು ಬರೆಯುವ ಮೊದಲು ಎಲ್ಲ ಕಪಾಟು ಹುಡುಕಬೇಕು, ಅದು ನನ್ನ ನಿಯಮ. “ಆ ಕುಕ್ಕರೇ ಹೌದೋ ಅಲ್ಲವೋ ನಿನಗೆ ಗೊತ್ತಿಲ್ಲ ತಾನೇ? ಕೇಳು! ಆ ಹೆಂಗಸು ಯಾವ ಊರಿನವಳು, ಹುಡುಕಿ ಕೇಳು!” ಎಂದೆ.

“ಕೇಳಿ, ಹೌದು ಎಂದು ಬಂದರೆ?” ಎಂದ.

ಕೇಳದೇ ಇರುವವರೆಗೆ ಅವನಿಗೆ ಅರ್ಧ ಉಸಿರಾದರೂ ಇತ್ತು, ಅದನ್ನೂ ಕಳೆದುಕೊಳ್ಳಲು ಅವನು ತಯಾರಿರಲಿಲ್ಲ. ಆ ದಿನ ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿದೆ. ಮೂರು ಗಂಟೆಗೆ ಊಟವಾಯಿತು.

ಒಂದು ವಾರ ನನಗೆ ಬೇರೆ ಯೋಚನೆಯೇ ಇಲ್ಲ. ಸೇತುವೆ ಯಾವುದು, ಆ ಹೆಂಗಸಿನ ತವರು ಯಾವುದು ಎಂದು ಮಾತಿನ ನಡುವೆ ಅವನಿಂದ ಕೇಳಿ ತಿಳಿದುಕೊಂಡೆ. ಊರಿನ ಹೆಸರು ಅವನಿಗೆ ಚೆನ್ನಾಗಿ ನೆನಪಿತ್ತು, ಚೆಕ್‌ಪೋಸ್ಟಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಮುಂದಿನ ಶುಕ್ರವಾರ ಬ್ಯಾರಿಗೆ ಹೇಳಿದೆ, ಕತಾರಿನಲ್ಲಿ ನೇಪಾಳದ ಎಲ್ಲ ಜಿಲ್ಲೆಯವರೂ ಇದ್ದಾರೆ, ನಾವೇ ಯಾಕೆ ವಿಚಾರಿಸಬಾರದು ಎಂದು.

“ನಿಮಗೆ ಎಂತಕ್ಕೆ ಮಾರ್ರೆ ಇನ್ನೊಬ್ಬರ ಪಂಚಾತಿಕೆ?” ಎಂದ. “ಅವನಿಗೆ ಬೇಡ ಅಂತ ಉಂಟಲ್ಲ, ಬಿಡಿ. ನಾಳೆ ಹೌದು ಅಂತ ಬಂದ್ರೆ ಅವನ ಮುಖ ನೋಡ್ಲಿಕ್ಕೆ ಆಗ್ತದಾ ನಿಮಗೆ?”

“ಬಂದರೆ ನಾವು ಹೇಳದಿದ್ದರೆ ಆಯಿತು,” ಎಂದೆ.

“ನಿಮ್ಮ ಬಾಯಲ್ಲಿ ಮಾತು ನಿಲ್ತದೆ ಅಂತ ಯಾರು ಹೇಳಿದ್ದು?” ಎಂದು ನಕ್ಕ. ಆಮೇಲೆ, “ಮನ್ಸೂರಾದಲ್ಲಿ ಒಬ್ಬ ನೇಪಾಳಿಯ ಚಹದ ಅಂಗಡಿ ಉಂಟು. ಆ ಕಡೆಯವರೆಲ್ಲ ಅಲ್ಲಿ ಸೇರುವುದು. ಹೋಗುವ, ಯಲ್ಲಾ,” ಎಂದು ಅವನೇ ಚಪ್ಪಲಿ ಹುಡುಕಿದ. ನಮ್ಮವರು ಬೇಡ ಬೇಡ ಎನ್ನುತ್ತಲೇ ಮೊದಲು ಹೊರಡುವುದು.

ಅಲ್ ಮನ್ಸೂರಾದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗಲು ಅರ್ಧ ಗಂಟೆ. ಅಂಗಡಿ ಚಿಕ್ಕದು, ನಾಲ್ಕು ಮೇಜು. ಅಂಗಡಿಯವನು ಮೂವತ್ತೈದು ದಾಟಿದ ಕುಳ್ಳ ಮನುಷ್ಯ. ನಾನು ಸುತ್ತಿ ಬಳಸದೆ ಎಲ್ಲ ಹೇಳಿದೆ, ಗಾರ್ಡಿನ ಹೆಸರು ಮಾತ್ರ ಹೇಳಲಿಲ್ಲ. ಸೇತುವೆಯ ಹೆಸರು ಕೇಳಿದ ಕೂಡಲೇ ಅವನು ಮೇಜು ಒರೆಸುವುದನ್ನು ನಿಲ್ಲಿಸಿದ.

“ಅದೇ ಜಿಲ್ಲೆ ನನ್ನದು,” ಎಂದ. “ಆಗ ನನಗೆ ಹದಿನೇಳು. ನಾನು ಇನ್ನೊಂದು ಕಡೆಯಲ್ಲಿದ್ದೆ.”

ಇನ್ನೊಂದು ಕಡೆ ಎಂದರೆ ಕುಕ್ಕರ್ ಹೂಳುವ ಕಡೆ. ಅವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. “ಆ ಲಾರಿ ನಾನಲ್ಲ. ನಾನು ಬೇರೆ ಕಣಿವೆಯಲ್ಲಿದ್ದೆ. ನಮಗೆ ಕುಕ್ಕರ್‌ಗಳು ಹೇಸರಗತ್ತೆಯ ಮೇಲೆ ಮೂಟೆಮೂಟೆಯಾಗಿ ಬರುತ್ತಿದ್ದವು. ಆದರೂ ಯಾರದಾದರೂ ಮನೆಯಿಂದ ತೆಗೆದುಕೊಂಡದ್ದೂ ಉಂಟು, ಇಲ್ಲ ಎಂದರೆ ಸುಳ್ಳಾಗುತ್ತದೆ,” ಎಂದ. ಆ ಹೆಂಗಸಿನ ತವರು ಅವನಿಗೆ ಗೊತ್ತಿತ್ತು, ಹನ್ನೆರಡು ಮನೆಯ ಊರು. ವಿಚಾರಿಸುತ್ತೇನೆ ಎಂದು ಒಪ್ಪಿ, ಒಂದು ಮಾತು ಸೇರಿಸಿದ. “ಏನು ತಿಳಿದರೂ ಅವರಿಗೆ ಹೇಳಲೇಬೇಕು. ಒಳ್ಳೆಯದಾದರೆ ಹೇಳುತ್ತೇನೆ, ಕೆಟ್ಟದಾದರೆ ಮುಚ್ಚಿಡುತ್ತೇನೆ ಎನ್ನುವುದು ನನ್ನಿಂದ ಆಗದು.”

ನಾನು ಹೂಂ ಎಂದೆ. ಹೊರಗೆ ಬಂದು ಗಾಡಿ ಹತ್ತಿದ ಮೇಲೆ ಅರಿವಾಯಿತು. ಗಾರ್ಡಿನ ಹತ್ತೊಂಬತ್ತು ವರ್ಷವನ್ನು ಅವನನ್ನು ಕೇಳದೆಯೇ ನಾನು ಒಬ್ಬ ಅಪರಿಚಿತನ ಮೇಜಿನ ಮೇಲೆ ಇಟ್ಟು ಬಂದಿದ್ದೆ.

ಎರಡು ವಾರ ಕಳೆಯಿತು. ಆ ಎರಡು ವಾರ ನಾನು ಗಾರ್ಡಿನ ಜೊತೆ ಇಲ್ಲದ ಒಳ್ಳೆಯತನದಿಂದ ನಡೆದುಕೊಂಡೆ. ಅವನ ಬಟ್ಟೆಯನ್ನೂ ಹಗ್ಗದಿಂದ ತೆಗೆದು ಮಡಚಿಟ್ಟೆ. ಅವನಿಗೆ ಅನುಮಾನ ಬಂದು, “ದಾಯಿ, ಊರಲ್ಲಿ ಎಲ್ಲ ಸೌಖ್ಯವೇ?” ಎಂದು ಕೇಳಿದ.

ಒಂದು ಬುಧವಾರ ಬೆಳಿಗ್ಗೆ ಸ್ಟೋರಿನಲ್ಲಿದ್ದಾಗ ಚಹದಂಗಡಿಯವನ ಫೋನ್ ಬಂತು. ಆ ಹೆಂಗಸು ಸಿಕ್ಕಿದ್ದಾಳೆ, ಬದುಕಿದ್ದಾಳೆ. ಕುಕ್ಕರ್ ಯಾರಿಗೂ ಹೋಗಿರಲಿಲ್ಲ, ಅವಳ ಅಮ್ಮನ ಮನೆಯಲ್ಲೇ ಇತ್ತು, ಈಗಲೂ ಇದೆ. ನಾನು ಫಿಲ್ಟರ್ ಪೆಟ್ಟಿಗೆಗಳ ಮೇಲೆ ಕುಸಿದು ಕೂತೆ. ಎದುರಿಗಿದ್ದ ಮಲಯಾಳಿ ಮೆಕ್ಯಾನಿಕ್ ನೀರು ತಂದುಕೊಟ್ಟ. ಅವನು ಕೇಳಿದ ಸಾಮಾನು ಸ್ಟಾಕ್ ಇರಲಿಲ್ಲ, ಇಲ್ಲಿಯವರಂತೆ ‘ಮಾಫಿ’, ಅಂದರೆ ಇಲ್ಲ, ಎಂದು ಹೇಳುವ ಬದಲು ಹಿಂದಿನ ವರ್ಷದಿಂದ ಬಚ್ಚಿಟ್ಟಿದ್ದ ಒಂದನ್ನು ತೆಗೆದು ಕೊಟ್ಟುಬಿಟ್ಟೆ.

ಆದರೆ ಗಾರ್ಡಿಗೆ ಹೇಳಿದಾಗ ಅವನು ಖುಷಿಪಡಲಿಲ್ಲ. ಮೊದಲ ಸಲ ಅವನಿಗೆ ಸಿಟ್ಟು ಬಂದದ್ದನ್ನು ನೋಡಿದೆ. ದನಿ ಏರಿಸಲಿಲ್ಲ, ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟ. “ನನ್ನನ್ನು ಕೇಳಲಿಲ್ಲ ನೀವು,” ಎಂದ. “ಬೇರೆ ಉತ್ತರ ಬಂದಿದ್ದರೆ? ಆಗಲೂ ಹೀಗೇ ಬಂದು ಹೇಳುತ್ತಿದ್ದಿರಾ?” ನಾನು ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಲ್ಲಿ ಬರುವುದು ಅಪರೂಪ, ಬ್ಯಾರಿ ತಲೆಯೆತ್ತಿ ನೋಡಿದ. ಗಾರ್ಡ್ ಮುಂದುವರಿಸಿದ. “ಮತ್ತೆ, ಇದು ಸುಳ್ಳೂ ಆಗಿರಬಹುದು. ಯಾರೋ ಒಬ್ಬಳು, ಪಾಪ, ಸಮಾಧಾನಕ್ಕೆ ಹಾಗೆ ಹೇಳಿರಬಹುದು. ನಮ್ಮ ಜನ ಹಾಗೆ ಹೇಳುತ್ತಾರೆ.”

ಬ್ಯಾರಿಯೇ ಮಾತು ಮುಗಿಸಿದ. “ನೋಡು ಭಾಯಿ, ಈ ಮನುಷ್ಯ ಮಾಡಿದ್ದು ತಪ್ಪೇ. ಆದರೆ ಆಗಿಹೋಯ್ತಲ್ಲ. ಶುಕ್ರವಾರ ಗಾಡಿ ಉಂಟು, ಅವಳನ್ನೇ ಫೋನಲ್ಲಿ ನೋಡು. ಸುಳ್ಳು ಅಂತ ಕಂಡ್ರೆ ಈ ಅಣ್ಣನಿಗೆ ಎರಡು ಬಾರಿಸು, ನಾನು ಹಿಡ್ಕೊಳ್ತೇನೆ.”

ಶುಕ್ರವಾರ ನಾವು ಮೂವರೂ ಹೋದೆವು. ಗಾರ್ಡ್ ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಚಹದಂಗಡಿಯವನು ತಾನು ಹಿಂದೆ ಯಾರಾಗಿದ್ದೆ ಎಂಬುದನ್ನು ಮೊದಲೇ ಹೇಳಿಬಿಟ್ಟ. ಇಬ್ಬರೂ ಒಂದು ಗಳಿಗೆ ಸೆಟೆದು ನಿಂತರು. ಆಮೇಲೆ ಗಾರ್ಡ್ ಕುರ್ಚಿ ಎಳೆದು ಕೂತ. ಅಂಗಡಿಯವನು ಅವನ ಪಕ್ಕ ಕೂತು ವಿಡಿಯೋ ಕಾಲ್ ಹಚ್ಚಿದ.

ಐವತ್ತರ ಆಸುಪಾಸಿನ ಹೆಂಗಸು. ಬಿಸಿಲಿನಲ್ಲಿ ಜೋಳ ಒಣಗಿಸಿದ, ಅವಳ ತವರಿನ ಅಂಗಳ. ಅವಳು ಜೋರಾಗಿ ಮಾತಾಡುತ್ತಿದ್ದಳು, ಅಂಗಡಿಯವನು ನನ್ನ ಕಿವಿಯಲ್ಲಿ ಹಿಂದಿಗೆ ತಿರುಗಿಸುತ್ತಿದ್ದ. ಗಾರ್ಡ್ ನಮಸ್ಕಾರ ಮಾಡಿ, ತಾನು ಯಾರೆಂದು ಹೇಳಿದ. ಅವಳು ಫೋನನ್ನು ಮುಖದ ಹತ್ತಿರ ತಂದು ದಿಟ್ಟಿಸಿದಳು.

“ನೀನೇನಾ ರಬ್ಬರ್ ಕಿತ್ತವನು? ನಿನ್ನ ಕೈ ಸೇದಿಹೋಗಲಿ ಅಂತ ಎಷ್ಟು ಶಾಪ ಹಾಕಿದ್ದೇನೆ ಗೊತ್ತಾ! ರಬ್ಬರಿಲ್ಲದ ಕುಕ್ಕರ್ ಯಾಕೆ ಬೇಕು? ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಬಟ್ಟೆ ಬಿಗಿದು ಬೇಯಿಸುತ್ತಿದ್ದೆ. ಒಮ್ಮೆ ಹಬೆ ತಾಗಿ ಕೈಯೇ ಸುಟ್ಟಿತು. ಆದರೆ ಬೇಳೆ ಬೆಂತು, ಭಾಯಿ. ಅಮ್ಮ ಆರು ವರ್ಷ ಬದುಕಿದಳು, ಮೆತ್ತಗೆ ಬೆಂದ ಬೇಳೆ ತಿಂದುಕೊಂಡು. ಯುದ್ಧ ಮುಗಿದ ಮೇಲೆ ಪೇಟೆಗೆ ಹೋಗಿ ರಬ್ಬರ್ ತಂದೆ.”

ಗಾರ್ಡಿನ ಮುಖದಲ್ಲಿ ಇನ್ನೂ ನಂಬಿಕೆ ಇರಲಿಲ್ಲ. ಇದನ್ನು ಯಾರು ಬೇಕಾದರೂ ಕಟ್ಟಿ ಹೇಳಬಹುದಿತ್ತು. ಅವಳು ಮಾತು ನಿಲ್ಲಿಸದೆ ಫೋನ್ ಹಿಡಿದುಕೊಂಡೇ ಅಂಗಳದ ಮೂಲೆಗೆ ನಡೆದಳು. ಪರದೆಯಲ್ಲಿ ಕೋಳಿಗಳು ಕಂಡವು. ಕೋಳಿಗಳ ನಡುವೆ ತಳ ನೆಗ್ಗಿದ, ಒಂದು ಹಿಡಿ ಇಲ್ಲದ ಕುಕ್ಕರ್, ಅದರಲ್ಲಿ ನೀರು. ಒಂದು ಹುಂಜ ಅದರ ಅಂಚಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು.

ಬ್ಯಾರಿ ಮೊದಲು ನಕ್ಕ. ಆಮೇಲೆ ನಾನು, ಅಂಗಡಿಯವನು. ಗಾರ್ಡ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ, ಅವನ ಭುಜ ಕುಲುಕುತ್ತಿತ್ತು.

“ನಿನಗೆ ಹೊಡೆದರಾ, ಭಾಯಿ?” ಎಂದು ಅವಳು ಇದ್ದಕ್ಕಿದ್ದಂತೆ ಕೇಳಿದಳು. “ನನ್ನನ್ನು ಬಿಟ್ಟದ್ದಕ್ಕೆ ನಿನಗೆ ಶಿಕ್ಷೆಯಾಯಿತೇನೋ ಅಂತ ನನಗೆ ಅದೇ ಚಿಂತೆ ಇತ್ತು.”

“ಇಲ್ಲ ದೀದಿ. ಯಾರಿಗೂ ಗೊತ್ತಾಗಲಿಲ್ಲ.”

“ಸದ್ಯ. ಮತ್ತೆ ಆ ಇನ್ನೊಬ್ಬ? ಮುಂದಿನ ಹಲ್ಲು ಮುರಿದಿತ್ತಲ್ಲ, ಅವನು? ನೀನು ರಬ್ಬರ್ ಕೀಳುತ್ತಿದ್ದಾಗ ಅವನು ಹಿಂದಿನಿಂದ ನನ್ನ ಬುಟ್ಟಿಗೆ ಎರಡು ಪೊಟ್ಟಣ ಬಿಸ್ಕತ್ತು ಹಾಕಿದ. ಅಮ್ಮನಿಗೆ ಚಹದಲ್ಲಿ ಅದ್ದಿ ಕೊಡು, ಹಲ್ಲು ಬೇಡ ಅಂದ. ಅವನು ಹೇಗಿದ್ದಾನೆ?”

ಗಾರ್ಡ್ ಆ ಬಿಸ್ಕತ್ತಿನ ವಿಷಯ ನಮಗೆ ಹೇಳಿರಲಿಲ್ಲ, ಹೇಳಲು ಅವನಿಗೇ ಗೊತ್ತಿರಲಿಲ್ಲ. ಆದರೆ ಆ ವಾರ ತನ್ನ ಪೆಟ್ಟಿಗೆಯಿಂದ ಎರಡು ಪೊಟ್ಟಣ ಬಿಸ್ಕತ್ತು ಕಾಣೆಯಾದದ್ದು ಅವನಿಗೆ ನೆನಪಿತ್ತು. ಗೆಳೆಯನ ಜೊತೆ ಆ ವಿಷಯಕ್ಕೆ ಜಗಳವಾಡಿದ್ದ, ಅವನು ಹಲ್ಲು ಕಿಸಿದು ನಕ್ಕಿದ್ದನಂತೆ. ಇದನ್ನೆಲ್ಲ ಅವನು ಆಮೇಲೆ ಗಾಡಿಯಲ್ಲಿ ಹೇಳಿದ. ಆ ಹೊತ್ತಿಗೆ ಮಾತ್ರ ಫೋನನ್ನು ಎರಡೂ ಕೈಯಲ್ಲಿ ಹಿಡಿದು, “ಅವನು ಹೋಗಿಬಿಟ್ಟ ದೀದಿ. ಅದಾಗಿ ಒಂಬತ್ತನೇ ದಿನಕ್ಕೆ,” ಎಂದ. ಅಷ್ಟು ಹೇಳಿ ಜೋರಾಗಿ ಅಳತೊಡಗಿದ. ಅಂಗಡಿಯಲ್ಲಿದ್ದ ಗಿರಾಕಿಗಳು ಲೋಟ ಇಟ್ಟು ಎದ್ದು ಹೊರಗೆ ನಿಂತರು. ನನಗೆ ಆಗ ಹೊಳೆಯಿತು, ಹತ್ತೊಂಬತ್ತು ವರ್ಷ ಇವನು ಗೆಳೆಯನಿಗಾಗಿ ಅತ್ತೇ ಇರಲಿಲ್ಲ. ತಾನೇ ಕೊಂದೆ ಎಂದುಕೊಂಡವನಿಗೆ ಅಳುವ ಧೈರ್ಯ ಎಲ್ಲಿಂದ ಬರಬೇಕು? ಚಹದಂಗಡಿಯವನು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದ, ತೆಗೆಯಲಿಲ್ಲ. ಆ ಕಡೆಯ ಹೆಂಗಸೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವರ ದಸರೆಗೆ ಗಾರ್ಡಿಗೆ ಊರಿಗೆ ಹೋಗಲು ರಜೆ ಸಿಕ್ಕಿತು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ನಾನು ಏನೂ ಕೇಳಲಿಲ್ಲ. ಈ ಸಲ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಬ್ಯಾರಿಯೇ ಸಾಕ್ಷಿ. ಅವನೂ ಏನೂ ಹೇಳದೆ ಒಳಗೆ ಹೋದ. ಬಸ್ಸಿನಿಂದ ಎಲ್ಲಿ ಇಳಿಯುತ್ತಾನೋ ಎಂದು ನಾವಿಬ್ಬರೂ ಮನೆಗೆ ಬರುವವರೆಗೆ ಚರ್ಚೆ ಮಾಡಿದೆವು.

ಐದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸ್ಟೋರಿಗೆ ಅವನ ಫೋನ್ ಬಂತು. ಹಿನ್ನೆಲೆಯಲ್ಲಿ ಮಕ್ಕಳ ಗಲಾಟೆ, ಪಾತ್ರೆಗಳ ಸದ್ದು.

“ದಾಯಿ, ಅವನ ಮನೆಯಲ್ಲಿದ್ದೇನೆ,” ಎಂದ. “ಅಂಗಡಿ ಮುಂದೆಯೇ ಇಳಿದೆ.”

“ಅಮ್ಮನಿಗೆ ಹೇಳಿದೆಯಾ?” ಎಂದೆ. ಬೀಗ ಅಷ್ಟು ಹೊತ್ತೇ ನಿಂತದ್ದು.

“ಎಲ್ಲ ಹೇಳಿದೆ. ಕುಕ್ಕರ್, ರಬ್ಬರ್, ಬಿಸ್ಕತ್ತು, ಎಲ್ಲ. ಅವಳು ಬೈದಳು ದಾಯಿ. ಬಾಯಿಗೆ ಬಂದಂತೆ ಬೈದಳು. ಊರಿನವರೆಲ್ಲ ಸೇರಿದರು.” ಅವನು ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ತಿಳಿಯಲಿಲ್ಲ.

“ಯಾಕೆ? ಕುಕ್ಕರ್ ಬಿಟ್ಟದ್ದಕ್ಕಾ?”

“ಅಲ್ಲ. ಅದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗನ ಜೊತೆಯವರು ಯಾರಾದರೂ ಬರುತ್ತಾರೆ, ಅವನ ಕೊನೆಯ ದಿನಗಳ ಸುದ್ದಿ ಹೇಳುತ್ತಾರೆ ಎಂದು ಇಷ್ಟು ವರ್ಷ ಕಾಯುತ್ತಿದ್ದಳಂತೆ. ಯಾಕೆ ಬರಲಿಲ್ಲ, ಎಲ್ಲಿ ಸತ್ತಿದ್ದೆ, ಎಂದು ಬೈದಳು. ಬೈದು ಮುಗಿಸಿ ಕೈಕಾಲು ತೊಳೆದು ಬಾ ಎಂದಳು. ಈಗ ಊಟಕ್ಕೆ ಕೂತಿದ್ದೇನೆ. ಆಮೇಲೆ ಮಾತಾಡುತ್ತೇನೆ ದಾಯಿ, ಅವನ ಬಗ್ಗೆ ಇನ್ನೂ ಹೇಳು ಎನ್ನುತ್ತಿದ್ದಾಳೆ.”